ವಾಲ್ಯೂಮಿನ ಮೇಲಿದ್ದ ಕೈ

"ನಮ್ಮ ಮನೆಯಿಂದ ಡಿಗ್ರಿಯಾ? ಅದು ಆಗುವ ಮಾತಲ್ಲ ಮಾರಾಯ್ತಿ" ಎಂದವರು ನನ್ನ ಸೋದರಮಾವ, ಉಮ್ಮನ ಅಣ್ಣ. ಬಂದ್ಯೋಡಿನಲ್ಲಿ ಅವರದ್ದು ಮೈಕ್‌ಸೆಟ್ ಅಂಗಡಿ. ನಾನು ಹಟ ಹಿಡಿದು ಎಲೆಕ್ಟ್ರಾನಿಕ್ಸ್ ಬಿಎಸ್ಸಿಗೆ ಸೇರಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೂ ಧ್ವನಿಯನ್ನೇ ಆರಿಸಿಕೊಂಡೆ. ಅದು ಪಾಸಾಗದಿದ್ದರೆ ಡಿಗ್ರಿ ಇಲ್ಲ.

ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಿಸುತ್ತದೆ. ಪ್ರಾಯವಾದಂತೆ ಅದೂ ಇಳಿಯುತ್ತದೆ. ಅಷ್ಟನ್ನು ಸಿಡಿಯೇ ಹಿಡಿದಿಡುತ್ತದೆ. ಹೈ-ರೆಸಲ್ಯೂಶನ್ ಫೈಲಿನಲ್ಲಿ ಅದರಾಚೆಯದ್ದೂ ಇರುತ್ತದೆ. ಆ ಹೆಚ್ಚಿನದ್ದು ನಮಗೆ ಗೊತ್ತಾಗುತ್ತದೆಯೇ? ನನ್ನ ಪ್ರಶ್ನೆ ಇಷ್ಟೇ. ದಫ್ ಎಂಬ ಚರ್ಮವಾದ್ಯದ ಬಡಿತವೊಂದನ್ನು ಹೈ-ರೆಸಲ್ಯೂಶನ್‌ನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಸಿಡಿಯ ಮಟ್ಟಕ್ಕೂ ಇಳಿಸಿ, ಎರಡನ್ನೂ ಕೇಳಿಸಲು ನೆರೆಕರೆಯವರನ್ನು ಮಾವನ ಅಂಗಡಿಗೆ ಕರೆದೆ.

ಯಾವುದು ಯಾವ ಫೈಲೆಂದು ನೋಡಿ ಹಾಕುವ ಕೆಲಸವನ್ನು ಮಾವ ತಾವೇ ವಹಿಸಿಕೊಂಡರು. ಬಂದವರೆಲ್ಲ ಹೈ-ರೆಸಲ್ಯೂಶನ್ ಫೈಲನ್ನು ಸರಿಯಾಗಿ ಗುರುತಿಸಿದರು.

"ನೋಡಿದೆಯಾ? ಎಂತ ಕ್ಲಿಯರ್!" ಮಾವ ಬೀಗಿದರು.

ಎಲ್ಲರೂ ಸರಿ ಹೇಳಿದ್ದೇ ನನಗೆ ಸಂಶಯ ತಂದಿತು. ಇನ್ನೊಂದು ಸುತ್ತು ಹಾಕಿಸಿ ಮಾವನ ಕೈಯನ್ನೇ ಗಮನಿಸಿದೆ. ಒಳ್ಳೆಯ ಹಾಡು ಬಂದರೆ ಒಂಚೂರು ವಾಲ್ಯೂಮ್ ಏರಿಸುವುದು ಮೈಕ್‌ಸೆಟ್‌ನವರ ರೂಢಿ. ಹೈ-ರೆಸಲ್ಯೂಶನ್ ಸರದಿ ಬಂದಾಗಲೆಲ್ಲ ಅವರ ಬೆರಳು ತಾನಾಗಿ ತಿರುಗುತ್ತಿತ್ತು.

"ಮಾವ, ನೀವು ಸೌಂಡ್ ಜಾಸ್ತಿ ಮಾಡಿದ್ದು."

"ನಾನಾ? ಮುಟ್ಟಲೇ ಇಲ್ಲ! ಕಾಲೇಜಿಗೆ ಹೋಗಿ ಮಾವನ ಮೇಲೆಯೇ ಕೇಸು ಹಾಕುವುದಾ ನೀನು?"

ಆ ಫಲಿತಾಂಶವನ್ನೆಲ್ಲ ಬದಿಗಿಟ್ಟೆ. ಸಲ್ಲಿಸುವ ದಿನ ಹತ್ತಿರವಿತ್ತು, ಆದರೂ ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೀಟರ್ ಇಟ್ಟು ಎರಡರ ಸದ್ದನ್ನೂ ಸಮ ಮಾಡಿದೆ. ಯಾವುದನ್ನು ಯಾವಾಗ ಹಾಕಬೇಕೆಂಬುದನ್ನು ಕಂಪ್ಯೂಟರಿಗೆ ಬಿಟ್ಟೆ. ಮಾವನನ್ನು ಎಬ್ಬಿಸಿ ಕೇಳುವವರ ಕುರ್ಚಿಯಲ್ಲಿ ಕೂರಿಸಿದೆ.

"ಇದು ನಿನ್ನ ದೊಡ್ಡ ಫೈಲು. ನನಗೆ ಗೊತ್ತಾಗದೆ ಉಂಟಾ?"

ಅದು ಸಿಡಿ ಮಟ್ಟದ್ದಾಗಿತ್ತು. ಇನ್ನೊಮ್ಮೆ ಹಾಕು ಎಂದರು, ಮತ್ತೂ ಒಮ್ಮೆ ಎಂದರು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಉಳಿದವರದ್ದೂ ಅದೇ ಕಥೆ.

ವೈವಾದಲ್ಲಿ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಹಾಗಾದರೆ ನೀನು ಕಂಡುಹಿಡಿದದ್ದು ಏನೂ ಇಲ್ಲ?"

"ಉಂಟು ಸರ್. ನನ್ನ ಪರೀಕ್ಷೆಗೆ ಕೂತವರು ಮೊದಲು ಗುರುತಿಸಿದ್ದು ವಾಲ್ಯೂಮನ್ನು. ಅದನ್ನು ಸಮ ಮಾಡಿದ ಮೇಲೆ ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ."

ಅವರು ಮೊದಲ ಸಲದ ಮತ್ತು ಎರಡನೇ ಸಲದ ಉತ್ತರಗಳ ಪಟ್ಟಿಗಳನ್ನು ತಾಳೆ ನೋಡಿದರು. ಆಮೇಲೆ ನನ್ನನ್ನು ನೋಡಿ ತಲೆಯಾಡಿಸಿದರು. ಆ ಹೊತ್ತು ನನ್ನ ಬೆನ್ನು ತಾನಾಗಿ ನೆಟ್ಟಗಾದದ್ದು ಇನ್ನೂ ನೆನಪಿದೆ.

ಸರ್ಟಿಫಿಕೇಟ್ ಕೊಡುವ ದಿನ ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತರು. ಪ್ರಿನ್ಸಿಪಾಲರ ಕೈಯಿಂದ ಪಡೆದದ್ದನ್ನು ಕೆಳಗಿಳಿದು ಬಂದು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ನನ್ನ ಕಿವಿ ಸೋತದ್ದಕ್ಕೆ ಸಿಕ್ಕಿದ ಡಿಗ್ರಿಯಲ್ಲವಾ ಇದು? ಹಾಗಾದರೆ ಅರ್ಧ ನನ್ನದು. ನಡಿ, ನಿನ್ನ ಉಮ್ಮನಿಗೆ ತೋರಿಸುವ."