ಹತ್ತು ಬಾಟಲಿಗಳಲ್ಲಿ ಮೂರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಶಂಕ್ರಪ್ಪನವರ ದಲಾಲಿ ಅಂಗಡಿ ಇದೆ. ಅಲ್ಲಿ ಚೀಲಗಳಿಗೆ ಚೀಟಿ ಬರೆಯುವವಳು ಪುಷ್ಪಲತಾ. ಕೆಲಸ ಹಿಡಿದು ಒಂಬತ್ತು ವರ್ಷವಾಯಿತು. ಸೋಮವಾರ, ಗುರುವಾರ ಪೇಟೆ ಕೂಡಿದಾಗ ಘಾಟು ತಡೆಯಲಾರದೆ ಹೊಸಬರು ಸೀನುತ್ತ ಹೊರಗೆ ಓಡುತ್ತಾರೆ. ಪುಷ್ಪಲತಾಳಿಗೆ ಸೀನು ಎಂದೋ ನಿಂತಿತ್ತು. ಮುಖ ಮಾತ್ರ ಒಗ್ಗಿಕೊಂಡಿರಲಿಲ್ಲ. ಸಂಜೆಯಾದರೆ ಕೆನ್ನೆಯೆಲ್ಲ ಉರಿ.

ಆ ಉರಿಗೆ ಮದ್ದು ಹುಡುಕಿದವನು ಗಂಡ ಚೇತನಕುಮಾರ. ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಗಿರಾಕಿ ಇಲ್ಲದ ಮಧ್ಯಾಹ್ನ ಫೋನ್ ನೋಡುತ್ತ ಕೂತವನಿಗೆ, ಕೊರಿಯಾದ ಹೆಂಗಸೊಬ್ಬಳು ಒಂದಾದ ಮೇಲೊಂದರಂತೆ ಹತ್ತು ಬಗೆ ಮುಖಕ್ಕೆ ಹಚ್ಚಿಕೊಳ್ಳುವ ವಿಡಿಯೋ ಕಣ್ಣಿಗೆ ಬಿತ್ತು. ಮೊದಲು ಎಣ್ಣೆ, ಆಮೇಲೆ ನೊರೆ, ಟೋನರ್, ಎಸೆನ್ಸ್, ಸೀರಮ್, ಹೀಗೆ. ಅವತ್ತೇ ನಾಲ್ಕು ಬಾಟಲಿ ತರಿಸಿದ. ಮುಂದಿನ ತಿಂಗಳು ಇನ್ನಾರು ಬಂದವು.

"ಇಷ್ಟೆಲ್ಲಾ ಯಾಕ್ರಿ? ಒಂದ ಕ್ರೀಮು ಸಾಲೂದಿಲ್ಲೇನು?" ಎಂದು ಪುಷ್ಪಲತಾ ನಕ್ಕಳು.

"ಒಂದ ಕ್ರೀಮಾದ್ರ ಎರಡ ನಿಮಿಷಕ್ಕ ಮುಗದ ಹೊಕ್ಕೈತಿ. ನಿನ್ನ ಕೂಡ ಕುಂದ್ರಾಕ ಹೊತ್ತ ಬೇಕಲ್ಲ ನನಗ?"

ಅವರಿಗೆ ಮಕ್ಕಳಿರಲಿಲ್ಲ. ದೀಪ ಹಚ್ಚಿದ ಮೇಲೆ ಅತ್ತೆ ಪ್ರೇಮವ್ವ ಪಡಸಾಲೆಯಲ್ಲಿ ಧಾರಾವಾಹಿ ಹಾಕಿಕೊಂಡು ಕೂತರೆ, ಇವರಿಬ್ಬರು ಒಳಕೋಣೆಯ ಕನ್ನಡಿ ಮುಂದೆ. ಅವನು ಅಂಗೈಗೆ ಘಮಘಮಿಸುವ ನೀರಿನಂಥ ಎಸೆನ್ಸ್ ಸುರಿದುಕೊಂಡು ಅವಳ ಕೆನ್ನೆಗೆ ಪಟಪಟ ತಟ್ಟುವನು. "ಹಚ್ಚಾಕತ್ತೀರೋ, ಹೊಡ್ಯಾಕತ್ತೀರೋ?" ಎಂದು ಅವಳು ಬೈದರೆ, ಕೈಯಲ್ಲಿ ಉಳಿದದ್ದನ್ನು ತನ್ನ ಮುಖಕ್ಕೆ ಬಳಿದುಕೊಳ್ಳುವನು. ಯಾವ ರೈತ ತೂಕಕ್ಕೆ ಜಗಳ ತೆಗೆದ, ಯಾರ ಫೋನು ಬಾವಿಗೆ ಬಿತ್ತು ಎಂಬ ದಿನದ ಮಾತೆಲ್ಲ ಆ ಅರ್ಧ ತಾಸಿನಲ್ಲೇ ಮುಗಿಯುತ್ತಿತ್ತು. ಒಮ್ಮೆ ಇಬ್ಬರೂ ಮುಖಕ್ಕೆ ಬಿಳಿ ಮಾಸ್ಕ್ ಅಂಟಿಸಿಕೊಂಡು ಅಂಗಾತ ಮಲಗಿದ್ದಾಗ ಪ್ರೇಮವ್ವ ಒಳಗೆ ಬಂದು "ಯವ್ವಾ!" ಎಂದು ಚೀರಿಬಿಟ್ಟಿದ್ದಳು. ನಕ್ಕೂ ನಕ್ಕೂ ಚೇತನನ ಮಾಸ್ಕು ಕಳಚಿ ಬಿದ್ದಿತ್ತು.

ಹೋದ ಶ್ರಾವಣದಲ್ಲಿ, ಅಂಗಡಿಯಲ್ಲಿ ಯಾರದೋ ಫೋನು ಬಿಚ್ಚುತ್ತ ಕೂತಿದ್ದ ಚೇತನ ಎದೆ ಹಿಡಿದುಕೊಂಡು ಕುಸಿದ. ಪಕ್ಕದ ಅಂಗಡಿಯವರು ಆಟೋದಲ್ಲಿ ಹಾಕಿಕೊಂಡು ಹೊರಟರು, ದವಾಖಾನೆ ಮುಟ್ಟುವವರೆಗೆ ಜೀವ ನಿಲ್ಲಲಿಲ್ಲ. ನಲವತ್ತೊಂದು ವಯಸ್ಸು.

ತಿಂಗಳ ಮೇಲೆ ಪುಷ್ಪಲತಾ ಕೆಲಸಕ್ಕೆ ಹೋದಳು. ಮೊದಲ ದಿನ ಸಂಜೆ ಬಂದವಳೇ ಕನ್ನಡಿ ಮುಂದೆ ಕೂತು, ಒಂದನ್ನೂ ಬಿಡದೆ ಹತ್ತನ್ನೂ ಸಾಲಾಗಿ ಹಚ್ಚಿಕೊಂಡಳು. ಎಸೆನ್ಸ್ ತಾನೇ ತಟ್ಟಿಕೊಂಡಳು. ದಿನಾ ಅದೇ ನಡೆಯಿತು. ಆ ಅರ್ಧ ತಾಸು ಮಾತ್ರ ಅವಳ ಗಂಡ ಎಲ್ಲಿಗೂ ಹೋಗಿರಲಿಲ್ಲ.

ದೀಪಾವಳಿ ಮುಂದೆ ಗುತ್ತಲದಿಂದ ಚೇತನನ ಸೋದರತ್ತೆ ಗುಡ್ಡವ್ವ ಬಂದಳು. ಒಳಕೋಣೆಗೆ ಇಣುಕಿ, ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವಂತೆ ಅಂದಳು: "ಗಂಡ ಹೋಗಿ ಮೂರ ತಿಂಗಳಾಗಿಲ್ಲ, ಮಾರಿ ನೋಡ ಹೆಂಗ ಫಳಫಳ ಅನ್ನಾಕತ್ತೈತಿ. ಯಾರಿಗಿ ತೋರ್ಸಾಕ ಇವೆಲ್ಲಾ?"

ಪುಷ್ಪಲತಾ ಅತ್ತೆಯ ಕಡೆ ನೋಡಿದಳು. ಪ್ರೇಮವ್ವ ತಲೆ ತಗ್ಗಿಸಿ ಸೊಪ್ಪು ಸೋಸುತ್ತಲೇ ಇದ್ದಳು. ಗುಡ್ಡವ್ವನ ಮಾತಿಗಿಂತ ಅದು ಹೆಚ್ಚು ನಾಟಿತು. ಅವತ್ತೇ ಬಾಟಲಿಗಳನ್ನೆಲ್ಲ ಕೈಚೀಲಕ್ಕೆ ತುಂಬಿ ಟ್ರಂಕಿನ ಮೇಲಿಟ್ಟಳು. ಮುಖಕ್ಕೆ ಬರೀ ಮೈಸೋಪು.

ಸಂಕ್ರಾಂತಿ ಹೊತ್ತಿಗೆ ಪೇಟೆಗೆ ಮಾಲು ಹರಿದು ಬಂತು. ಅವಳ ಕೆನ್ನೆ ಬಿರಿಯಿತು, ಚರ್ಮ ಸುಲಿಯಿತು, ಕಣ್ಣುರೆಪ್ಪೆ ಬಾತುಕೊಂಡವು. ಶಂಕ್ರಪ್ಪನವರೇ ನೋಡಲಾರದೆ, "ಚೀಟಿ ಯಾರರ ಬರೀತಾರ. ಮೊದ್ಲ ದವಾಖಾನಿಗೆ ಹೋಗಿ ಬಾ ತಂಗಿ" ಎಂದು ಕಳಿಸಿದರು.

ಹಾವೇರಿಯ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಔಷಧಿ ಕೊಟ್ಟು, ಮೊದಲು ಹಚ್ಚುತ್ತಿದ್ದುದನ್ನೆಲ್ಲ ಮುಂದಿನ ಸಲ ತರಲು ಹೇಳಿದರು. ಎರಡನೇ ಸಲ ಪುಷ್ಪಲತಾ ಕೈಚೀಲವನ್ನೇ ಮೇಜಿನ ಮೇಲೆ ಇಳಿಸಿದಳು. ಡಾಕ್ಟರು ಒಂದೊಂದರ ಮೇಲಿನದ್ದನ್ನೂ ಓದಿ ಮೂರನ್ನು ಈ ಕಡೆ, ಏಳನ್ನು ಆ ಕಡೆ ಸರಿಸಿದರು. ಮುಖ ತೊಳೆಯುವ ನೊರೆ, ಕ್ರೀಮು, ಕಣ್ಣಿನ ಸುತ್ತ ಹಚ್ಚುವುದು.

"ಇವು ಮೂರ ಸಾಕ್ರಿ. ಉಳಿದವು ನಿಮ್ಮ ಚರ್ಮಕ್ಕ ಭಾರ. ಅದರಾಗೂ ಈ ಎಸೆನ್ಸ್ ಬ್ಯಾಡ, ಭಾಳ ವಾಸನಿ ಹಾಕ್ಯಾರ."

"ಮೂರ ಹಚ್ಚಾಕ ಎಷ್ಟ ಹೊತ್ತ ಹಿಡೀತೈತ್ರಿ?"

"ಮೂರ್ನಾಕ ನಿಮಿಷ. ಕೆಲಸಕ್ಕ ಹೋಗಾವ್ರಿಗೆ ಅದ ಛಲೋ ಅಲ್ಲೇನ್ರಿ?"

"ಹೌದ್ರಿ" ಎಂದಳು. ಬಸ್ಸು ಮೋಟೆಬೆನ್ನೂರು ದಾಟಿದರೂ ಅವಳ ಅಳು ನಿಂತಿರಲಿಲ್ಲ.

ಸಂಜೆ ಬಾಟಲಿಗಳನ್ನು ನೆಲದ ಮೇಲೆ ಹರವಿಕೊಂಡು ಕೂತಿದ್ದಾಗ ಪ್ರೇಮವ್ವ ಬಾಗಿಲಿಗೆ ಬಂದಳು.

"ಏನಂದ್ರು ಡಾಕ್ಟ್ರು?"

"ಇವು ಮೂರ ಸಾಕಂತ್ರಿ ಅತ್ತಿ. ಉಳಿದವು ಒಗದ ಬಿಡಬೇಕ್ರಿ."

ಪ್ರೇಮವ್ವ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಸುಮ್ಮನೆ ಎಸೆನ್ಸ್ ಬಾಟಲಿ ಎತ್ತಿ ಮುಚ್ಚಳ ತೆಗೆದಳು. ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಮೂಸಿದಳು.

"ಇದು ನನ್ನ ಚೇತನನ ವಾಸನಿ. ಮುಂಜಾನೆ ಚಾ ಕುಡ್ಯಾಕ ಮಗ್ಗಲಕ ಕುಂತಾಗ ಬರ್ತಿತ್ತು. ನಾ ಸಾಬಣದ್ದ ಅಂತ ತಿಳದಿದ್ದೆ."

"ಅವರೂ ಹಚ್ಕೊಂತಿದ್ರು ಅತ್ತಿ. ನನಗ ಹಚ್ಚಿ, ಕೈಯಾಗ ಉಳಿದಿದ್ದನ್ನ."

ಪ್ರೇಮವ್ವ ಸೆರಗು ಬಾಯಿಗೊತ್ತಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ಒಂದೇ ಮನೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಅಳುತ್ತಿದ್ದವರು ಅವತ್ತು ಒಟ್ಟಿಗೆ ಅತ್ತರು.

"ಅವತ್ತ ಗುಡ್ಡವ್ವ ಅಂದಾಗ ನಾ ಬಾಯಿ ಬಿಡಬೇಕಾಗಿತ್ತು. ಬಿಡ್ಲಿಲ್ಲ" ಎಂದಳು ಪ್ರೇಮವ್ವ ಕಣ್ಣೊರೆಸಿಕೊಳ್ಳುತ್ತ. ಪುಷ್ಪಲತಾ ಎದ್ದು ನೀರು ತಂದುಕೊಟ್ಟಳು.

ಆರು ಬಾಟಲಿ ಕಸದ ಗಾಡಿಗೆ ಹೋದವು. ಎಸೆನ್ಸ್ ಮಾತ್ರ ಪ್ರೇಮವ್ವನ ದಿಂಬಿನ ಬದಿಯಲ್ಲಿದೆ. ಅವಳು ಹಚ್ಚಿಕೊಳ್ಳುವುದಿಲ್ಲ, ಯಾವಾಗಲೋ ಒಮ್ಮೆ ಮುಚ್ಚಳ ತೆಗೆದು ಲಗೂನೆ ಮುಚ್ಚುತ್ತಾಳೆ. ವಾಸನೆ ಇತ್ತಿತ್ತಲಾಗಿ ತೆಳ್ಳಗಾಗಿದೆ.

ಯುಗಾದಿಗೆ ಪುಷ್ಪಲತಾಳ ಮುಖ ವಾಸಿಯಾಯಿತು. ಅವಳೀಗ ಮೂರೇ ಹಚ್ಚುತ್ತಾಳೆ. ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಮೊದಮೊದಲು ಮಿಕ್ಕ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯದೆ ಕನ್ನಡಿ ಮುಂದೆಯೇ ಕೂತಿರುತ್ತಿದ್ದಳು. ಈಗ ಎದ್ದು ಹೋಗಿ ರೊಟ್ಟಿ ಬಡಿಯುತ್ತಾಳೆ. ಆ ಮನೆಯಲ್ಲಿ ಊಟ ಬೇಗ ಆಗುತ್ತದೆ.