ತುಂಬಿದ ಕೊಡದ ಕೆಳಗೆ ಎಳೆದ ಗೆರೆ

ಮಧ್ಯ ಭಾರತದ ಮೈಕಲ್ ಬೆಟ್ಟಸಾಲಿನ ನೆತ್ತಿಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕರಂಜಟೋಲಾದ ಕೊನೆಯ ಮನೆಯ ಅಂಗಳದಲ್ಲಿ ಬೈಗಾ ಬುಡಕಟ್ಟಿನ ಹೆಂಗಸೊಬ್ಬಳು ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಿಂತಿದ್ದಾಳೆ. ಎಲ್ಲಿಗೂ ಹೊರಟವಳಲ್ಲ, ಸುಮ್ಮನೆ ನಿಂತಿದ್ದಾಳೆ. ಮಾಘದ ಚಳಿಗೆ ಮೊಣಕಾಲು ನಡುಗುತ್ತದೆ, ಆದರೆ ಕುತ್ತಿಗೆ ಅಲುಗುವುದಿಲ್ಲ. ಅವಳ ಸುತ್ತ ಅರವತ್ತೆರಡು ವರ್ಷದ ಬಿಸಾಹಿನ್ ಬಾಯಿ ನಿಧಾನವಾಗಿ ತಿರುಗುತ್ತಾರೆ. ಕೈಯಲ್ಲೊಂದು ಹುಲ್ಲುಕಡ್ಡಿ. ಅದನ್ನು ಕಪ್ಪಿನಲ್ಲಿ ಅದ್ದಿ ಕೊರಳ ಗುಳಿಯ ಎಡಕ್ಕೊಂದು, ಬಲಕ್ಕೊಂದು ಚುಕ್ಕೆ ಇಡುತ್ತಾರೆ. ಹಿಂದೆ ಸರಿದು ನೋಡುತ್ತಾರೆ. ಒಂದನ್ನು ಅಳಿಸಿ ಮತ್ತೆ ಇಡುತ್ತಾರೆ.

"ಬಾಯಿ, ಕೊಡ ಇಳಿಸ್ಲಾ? ತಲೆ ಒಳಗೆ ಹೋಗ್ತಾ ಇದೆ."

"ಗಂಡನ ಮನೆಗೆ ಬಂದಾಗಿನಿಂದ ಹೊತ್ತಿದ್ದೀಯಲ್ಲ, ಇನ್ನೊಂದು ಗಳಿಗೆ ಹೊರು. ನಿಂಗೆ ತಲೆ ಒಳಗೆ ಜಾಗ ಎಷ್ಟಿದೆ ಅಂತ ನಂಗೂ ಗೊತ್ತು."

ಕೊಡ ಹೊತ್ತವಳು ನಗಲಾರದೆ ತುಟಿ ಕಚ್ಚಿಕೊಳ್ಳುತ್ತಾಳೆ. ನಕ್ಕರೆ ನೀರು ಚೆಲ್ಲುತ್ತದೆ.

ಈ ಕೊಡ ಶಕುನಕ್ಕೆ ಎಂದೇ ಸುತ್ತಲಿನ ಹನ್ನೆರಡು ಊರಿನ ಹೆಂಗಸರು ತಿಳಿದಿದ್ದರು. ತುಂಬಿದ ಕೊಡ ಮಂಗಳ ಎಂದು ನಾನೂ ತಿಳಿದಿದ್ದೆ. ಶಾಲೆಯ ಮಾಸ್ಟರರ ಹೆಂಡತಿ ಎಂಬ ಕಾರಣಕ್ಕೆ ಈ ಊರಿಗೆ ನಾನು ಮೂವತ್ತನಾಲ್ಕು ವರ್ಷಗಳಿಂದ 'ಮಾಸ್ಟರಿನ್'. ಅಷ್ಟು ವರ್ಷದಲ್ಲಿ ಬಿಸಾಹಿನ್ ಬಾಯಿಯ ಪಕ್ಕದಲ್ಲಿ ಕುಳಿತು ಎಷ್ಟು ಹಾಡಿಗೆ ದನಿ ಸೇರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಕೊಡದ ಗುಟ್ಟು ತಿಳಿದದ್ದು ಈ ಚಳಿಗಾಲದಲ್ಲಿ, ಅದೂ ಒಂದು ಪಂದ್ಯದಿಂದ.

ಬಿಸಾಹಿನ್ ಬಾಯಿ ಬಾದಿ ಜನದವರು. ಬೈಗಾ ಹೆಂಗಸರಿಗೆ ಹಚ್ಚೆ ಹಾಕುವುದು ಅವರ ಮನೆತನದ ಕೆಲಸ. ಹಣೆ, ತೋಳು, ಕಾಲುಗಳಿಗೆ ಯಾರಾದರೂ ಹಾಕಿಯಾರು. ಬಾಯಿಯನ್ನು ಕರೆಸುವುದು ಕಠಿಣವಾದ ಜಾಗಗಳಿಗೆ. ಕೊರಳ ಗುಳಿ, ಕೊರಳೆಲುಬು, ಬೆನ್ನುಮೂಳೆಯ ಗೆಣ್ಣುಗಳು, ಮಂಡಿಯ ಹಿಂದಿನ ಮಡಿಕೆ. "ಮಂಡಿ ಹಿಂದೆ ಚರ್ಮ ಅಲ್ಲ, ಹಾಲಿನ ಕೆನೆ ಅದು. ಎಲುಬಿನ ಮೇಲೆ ಸೂಜಿಗೆ ದನಿ ಬರುತ್ತೆ. ಆ ದನಿ ಕೇಳಿದ ಕೂಡಲೇ ಕೈ ಹಗುರ ಆಗ್ಬೇಕು" ಎನ್ನುತ್ತಾರೆ.

ಹುಚ್ಚೆಳ್ಳನ್ನು ಮಡಕೆಯಲ್ಲಿ ಸುಟ್ಟು, ಮೇಲೆ ಕವುಚಿದ ಮಡಕೆಗೆ ಕಟ್ಟಿದ ಮಸಿಯನ್ನು ಕೆರೆದು, ಹೊನ್ನೆ ಮರದ ರಸದಲ್ಲಿ ಕಲಸುತ್ತಾರೆ. ಐದು ಸೂಜಿ ಒಟ್ಟಿಗೆ ಕಟ್ಟಿದರೆ ತೋಳಿಗೆ. ಕೊರಳಿಗೆ ಮೂರೇ. ಆಸ್ಪತ್ರೆಯ ನರ್ಸಮ್ಮ ಹೇಳಿದಂದಿನಿಂದ ಒಬ್ಬೊಬ್ಬರಿಗೂ ಹೊಸ ಸೂಜಿ, ಅದನ್ನೂ ಕುದಿಸಿಯೇ ಕಟ್ಟುವುದು. ಒಂದು ಕೊರಳಿಗೆ ಎರಡೂವರೆ ತಾಸು ಹಿಡಿಯುತ್ತದೆ. ಚುಚ್ಚಿಸಿಕೊಳ್ಳುವವಳು ಉಗುಳು ನುಂಗಬಾರದು, ನುಂಗಿದರೆ ಕೊರಳು ಏಳುತ್ತದೆ, ಗೆರೆ ಕೆಡುತ್ತದೆ. ಅದಕ್ಕೇ ಸುತ್ತ ಕುಳಿತ ಹೆಂಗಸರು ಹಾಡುತ್ತಾರೆ, ಅವಳು ಹೂಂ ಎಂದು ದನಿ ಎಳೆಯುತ್ತಾಳೆ. ಉಸಿರು ಉದ್ದಕ್ಕೆ ಹೊರಗೆ ಹೋಗುವಷ್ಟು ಹೊತ್ತು ಬಾಯಿಯ ಸೂಜಿ ನಡೆಯುತ್ತದೆ. ದನಿ ನಿಂತರೆ ಸೂಜಿಯೂ ನಿಲ್ಲುತ್ತದೆ. ಗಂಡಸರು ಅತ್ತ ಸುಳಿಯುವಂತಿಲ್ಲ. ಮಳೆಗಾಲದಲ್ಲಿ ಕೆಲಸವೇ ಇಲ್ಲ, ಗಾಯ ಮಾಯುವುದಿಲ್ಲ.

ಸತ್ತ ಮೇಲೆ ಒಡವೆಯನ್ನೆಲ್ಲ ಇದ್ದವರು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂದು ಇಲ್ಲಿಯವರ ನಂಬಿಕೆ. ಹಚ್ಚೆ ಇಲ್ಲದೆ ಹೋದವಳಿಗೆ ದೇವರು ಹಾರೆಯಿಂದ ಚುಚ್ಚುತ್ತಾನಂತೆ. ಕಳೆದ ಆಷಾಢದಲ್ಲಿ ಮಾಸ್ಟರರು ತೀರಿಕೊಂಡಾಗ ನಮ್ಮ ಮನೆಗೆ ಬಂದು ಎರಡು ದಿನ ನನ್ನ ಜೊತೆ ಕುಳಿತಿದ್ದ ಬಿಸಾಹಿನ್ ಬಾಯಿ ಮೂರನೆಯ ದಿನ ಕೇಳಿದ್ದು ಒಂದೇ ಮಾತು. "ಮಾಸ್ಟರ್‌ಜೀ ಜೊತೆಗೆ ಏನೂ ಒಯ್ಯಲಿಲ್ಲವಾ?" ಹಣೆಯ ಗಂಧ ಒಯ್ದರು ಎಂದೆ. "ಹಂಗಾದ್ರೆ ಸರಿ" ಎಂದು ಎದ್ದು ಹೋದರು.

ಇಷ್ಟೆಲ್ಲ ಜನಕ್ಕೆ ಮೈ ತುಂಬಿಸಿಕೊಟ್ಟ ಅವರ ಬೆನ್ನಿನ ಮೇಲೆಯೇ ಒಂದು ಖಾಲಿ ಜಾಗವಿದೆ. ಸೊಂಟದಿಂದ ಮೇಲಕ್ಕೆ ಮೀನಿನ ಮುಳ್ಳಿನಂತೆ ಹತ್ತಿದ ಗೆರೆಗಳು ಎರಡು ಹೆಗಲ ಮೂಳೆಗಳ ನಡುವೆ, ಒಂದು ಅಂಗೈ ಅಗಲಕ್ಕೆ, ಥಟ್ಟನೆ ನಿಂತುಬಿಡುತ್ತವೆ. ಹಾಕುತ್ತಿದ್ದವರು ಅವರ ತಾಯಿ. ಅರ್ಧಕ್ಕೆ ಜ್ವರ ಬಂದು ಮಲಗಿದವರು ಏಳಲಿಲ್ಲ. ನಲವತ್ತೊಂದು ವರ್ಷವಾಯಿತು. "ಅಲ್ಲಿಗೆ ನನ್ನ ಕೈ ಹೋಗಲ್ಲ, ಬೇರೆಯವರ ಕೈ ನಂಗೆ ಒಗ್ಗಲ್ಲ. ಅರ್ಧ ಮುಳ್ಳು ಹೊತ್ತು ಹೋಗಿ ಅವ್ವನ ಮುಂದೆ ನಿಂತ್ಕೊಳ್ಳೋದು ಹೆಂಗೆ?"

ಒಗ್ಗುವ ಕೈ ಒಂದಿತ್ತು. ಅಣ್ಣನ ಮಗಳು ಕುಂತಿ. ಬಾಯಿಯೇ ಸೂಜಿ ಹಿಡಿಯಲು ಕಲಿಸಿದವಳು. ಆದರೆ ಮೂರು ವರ್ಷದ ಹಿಂದೆ ಕುಂತಿ ಪಟ್ಟಣಕ್ಕೆ ಹೋಗಿ ಬ್ಯಾಟರಿ ಮೆಷಿನ್ ತಂದಳು. ಮಂಗಳವಾರದ ಸಂತೆಯಲ್ಲಿ ಇಪ್ಪೆ ಮರದ ಒಂದು ಮಗ್ಗುಲಿಗೆ ಬಾಯಿ ಕುಳಿತರೆ ಇನ್ನೊಂದು ಮಗ್ಗುಲಿಗೆ ಅವಳು ಕುಳಿತಳು. ಅಂದಿನಿಂದ ಅತ್ತೆ ಸೊಸೆ ಮಾತಾಡುವುದು ಗಿರಾಕಿಗಳ ಮೂಲಕವೇ. ಹನ್ನೆರಡು ಊರು ಇದ್ದದ್ದು ಬಾಯಿಗೆ ಮೂರಾಯಿತು. ಊರು ಹೋದದ್ದಕ್ಕಿಂತ ಬೆನ್ನು ಉಳಿದದ್ದೇ ಅವರಿಗೆ ಹೆಚ್ಚು ನೋವು.

ಪುಷ್ಯ ಮಾಸದ ಮೊದಲ ಸಂತೆಗೆ ಸಮ್ಹಾರಿನ್ ಎಂಬ ಬೈಗಾ ಅಜ್ಜಿ ಇಬ್ಬರು ಸೊಸೆಯಂದಿರನ್ನು ಕರೆತಂದಳು. ದೊಡ್ಡವಳು ತಿಹರೋ, ಚಿಕ್ಕವಳು ಜಗ್ನಿ. ಇಬ್ಬರಿಗೂ ಕೊರಳು ಆಗಬೇಕಿತ್ತು.

"ಇಲ್ಲಿ ಬಾ ಆಜಿ" ಎಂದು ಕುಂತಿ ಕೂಗಿದಳು. "ಆ ಕಡೆ ಫೂಫೂ ಸೂಜಿ ಎತ್ತಿ ಇಳಿಸೋದ್ರೊಳಗೆ ನಿನ್ನ ಕೋಳಿ ಮೊಟ್ಟೆ ಇಟ್ಟು ಮರಿ ಮಾಡಿಬಿಡುತ್ತೆ." ಸೋದರತ್ತೆಯನ್ನು ಇಲ್ಲಿ ಫೂಫೂ ಎನ್ನುವುದು.

ಬಿಸಾಹಿನ್ ಬಾಯಿ ಮರದ ಕಡೆ ಮುಖ ಮಾಡಿ ಹೇಳಿದರು, "ಜೀರುಂಡೆ ಕೂಗಿದ ಹಂಗೆ ಕೂಗೋ ಮೆಷಿನ್ ಮುಂದೆ ಹಾಡು ಯಾರಿಗೆ ಕೇಳಿಸ್ಬೇಕು? ಹಾಡು ಕೇಳದ ಕೊರಳು ಉಗುಳು ನುಂಗುತ್ತೆ."

ಸಮ್ಹಾರಿನ್ ಎರಡೂ ಕಡೆ ನೋಡಿದಳು. "ನಂಗಿರೋದು ಇಬ್ಬರು ಸೊಸೆಯರು. ಒಬ್ಬಳು ನಿಂಗೆ, ಒಬ್ಬಳು ನಿಂಗೆ. ಎರಡು ಸಂತೆ ಕಳೀಲಿ, ಹಕ್ಕಳೆ ಉದುರಲಿ. ಯಾರದ್ದು ಚೆಂದವೋ ನಮ್ಮ ಕೇರಿಯ ಹದಿನಾಲ್ಕು ಹೆಂಗಸರು ಅವರ ಹತ್ತಿರಾನೇ."

ಸಂತೆ ಮುಗಿದ ಮೇಲೆ, ಗಂಡಸರನ್ನು ಕಳಿಸಿ, ಮರಕ್ಕೆ ಕಂಬಳಿ ಕಟ್ಟಿ ಮರೆ ಮಾಡಿದರು. ಬಿಸಾಹಿನ್ ಬಾಯಿ ತಿಹರೋಳ ತಲೆಗೆ ಕೊಡ ಹೊರಿಸಿ ಗುರುತು ಹಾಕುತ್ತಿರುವಾಗಲೇ ಕುಂತಿ ಜಗ್ನಿಯನ್ನು ಮಲಗಿಸಿ ಕಾಗದದ ಅಚ್ಚು ಒತ್ತಿ ಮೆಷಿನ್ ಹಚ್ಚಿಯಾಗಿತ್ತು. ಅರ್ಧ ತಾಸಿನಲ್ಲಿ ಮುಗಿಸಿ ಎದ್ದಳು. ಹೆಂಗಸರೆಲ್ಲ ಅತ್ತ ಬಾಗಿ ನೋಡಿ ಇತ್ತ ತಿರುಗಿದರು. "ನಿಂದು ಹೋಳಿ ಹಬ್ಬಕ್ಕೆ ಮುಗಿಯುತ್ತಾ ಬಾಯಿ?" ಎಂದು ಯಾರೋ ಕೇಳಿದರು. ನಗು ಎದ್ದಿತು. ಹಾಡು ಕಡಿಯಿತು.

ಆಗ ಬಾಯಿಯ ಕೈ ಅವಸರ ಮಾಡಿತು. ನಾನು ಪಕ್ಕದಲ್ಲೇ ಇದ್ದೆ. ಎಲುಬಿನ ದನಿ ಬಂದದ್ದು ನನಗೂ ಕೇಳಿಸಿತು. ತಿಹರೋ ಕಣ್ಣು ಬಿಗಿದು ಮುಚ್ಚಿದಳು, ಒಂದು ಚುಕ್ಕೆ ಆಳಕ್ಕೆ ಹೋಯಿತು. ಬಾಯಿ ಸೂಜಿ ಕೆಳಗಿಟ್ಟರು. ಎದ್ದು ಹೋಗಿ ಕೈ ತೊಳೆದುಕೊಂಡರು. ಬಂದು ತಿಹರೋಳ ಗಲ್ಲ ಹಿಡಿದು, "ತಪ್ಪು ನಂದು ನೋನಿ, ಮಗಳೇ. ನಕ್ಕೋರಿಗೋಸ್ಕರ ಒಂದು ಚುಕ್ಕೆ ಹಾಕಿದೆ. ಇನ್ನು ಎಲ್ಲ ನಿಂಗೋಸ್ಕರ" ಎಂದರು. ಆ ಚುಕ್ಕೆ ಇವತ್ತಿಗೂ ಉಳಿದವಕ್ಕಿಂತ ಕಪ್ಪಾಗಿದೆ. ಯಾರು ಕೇಳಿದರೂ ಬಾಯಿ ತಾವೇ ಬೆರಳಿಟ್ಟು ತೋರಿಸುತ್ತಾರೆ.

ಎರಡು ಸಂತೆ ಕಳೆದವು. ಸಮ್ಹಾರಿನ್ ಅಂಗಳದಲ್ಲಿ ಹೆಂಗಸರು ಸೇರಿದರು. ಇಬ್ಬರು ಸೊಸೆಯರೂ ಸೆರಗು ಸರಿಸಿ ನಿಂತರು. ಜಗ್ನಿಯ ಕೊರಳಲ್ಲಿ ಮೂರು ಗೆರೆಗಳು ಕೂದಲೆಳೆಯಷ್ಟು ಸಣ್ಣಗೆ, ಕಪ್ಪಗೆ, ಒಂದೇ ಸಮನಾಗಿದ್ದವು. ತಿಹರೋಳವು ಕೊಂಚ ದಪ್ಪ. ಜೊತೆಗೆ ಆ ಚುಕ್ಕೆ. ಸಮ್ಹಾರಿನ್ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಸುಳ್ಳು ಯಾಕೆ ಹೇಳ್ಲಿ? ಮೆಷಿನ್ನಿಂದೇ ಚೆಂದ."

ಬಿಸಾಹಿನ್ ಬಾಯಿ ತಲೆಯಾಡಿಸಿದರು. ಚೀಲ ಎತ್ತಿಕೊಂಡರು. "ಪೇಜ್ ಕುಡಿಯದೆ ಹೋಗ್ತೀಯಾ? ಕೂತ್ಕೋ" ಎಂದು ಸಮ್ಹಾರಿನ್ ಗದರಿಸಿ, ಸಾಮೆಯ ಗಂಜಿ ಮಾಡಲು ಒರತೆಯಿಂದ ನೀರು ತರುವಂತೆ ಸೊಸೆಯರನ್ನು ಕಳಿಸಿದಳು.

ಇಬ್ಬರೂ ದಿಬ್ಬ ಹತ್ತಿ ಬಂದರು. ತಲೆಯ ಮೇಲೆ ಕೊಡ, ನೆಟ್ಟಗಿನ ಕುತ್ತಿಗೆ. ತಿಹರೋಳ ಕೊರಳಲ್ಲಿ ಮೂರು ಗೆರೆಗಳು ಕಟ್ಟೆಯ ಮೆಟ್ಟಿಲಿನ ಹಾಗೆ ಸಮನಾಗಿ ಕುಳಿತಿದ್ದವು. ಜಗ್ನಿಯ ಗೆರೆಗಳು ಎಡ ಹೆಗಲ ಕಡೆಗೆ ಜಾರಿದ್ದವು, ಒಂದು ಕಾಲು ಮುರಿದ ಏಣಿಯ ಹಾಗೆ.

ಮೊದಲು ನೋಡಿದವಳು ಕುಂತಿ. ಅವಳು ಸುಮ್ಮನಿದ್ದಿದ್ದರೆ ಹದಿನಾಲ್ಕು ಹೆಂಗಸರು ಅವಳವರೇ. ಎದ್ದು ಹೋಗಿ ಜಗ್ನಿಯ ಮುಂದೆ ನಿಂತು, ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ ಕರೆದಳು.

"ಫೂಫೂ, ಇದು ವಾಲಿದೆ."

"ವಾಲಿದೆ."

"ಅಚ್ಚು ಸರಿಯಾಗೇ ಒತ್ತಿದ್ದೆ."

"ನೀನು ಒತ್ತಿದ್ದು ಮಲಗಿರೋಳಿಗೆ. ಕೊಡ ಹೊತ್ತಾಗ ಕೊರಳು ಬೇರೆ ಥರ ಎಳೆಯುತ್ತೆ. ಇವಳು ದಿನಾ ಮಲಗಿ ನೀರು ತರ್ತಾಳಾ?"

ಕುಂತಿ ಅಲ್ಲಿಯೇ ಕುಕ್ಕುರುಗಾಲಲ್ಲಿ ಕುಳಿತುಬಿಟ್ಟಳು. "ಕೊಡ ಶಕುನಕ್ಕೆ ಅಂದ್ಕೊಂಡಿದ್ದೆ. ಹಳೇ ಕಾಲದ್ದು ಅಂತ ಬಿಟ್ಟೆ. ನೀನು ಯಾವತ್ತೂ ಹೇಳಲೇ ಇಲ್ಲವಲ್ಲ."

"ನಂಗ್ಯಾರು ಹೇಳಿದ್ರು? ಹತ್ತು ವರ್ಷ ನಾನೂ ಶಕುನ ಅಂತಲೇ ಹೊರಿಸ್ತಿದ್ದೆ. ಅವ್ವನ ಕೈಲಿ ಹಚ್ಚೆ ಹಾಕಿಸ್ಕೊಂಡಿದ್ದ ಒಬ್ಬ ಮುದುಕಿ ಕೊಡ ಹೊತ್ತು ಎದುರಿಗೆ ಬಂದ ದಿನ ಗೊತ್ತಾಯ್ತು."

ದೇವರಿಗೆಂದು ಎತ್ತಿಟ್ಟದ್ದನ್ನು ದೇವರು ಮನುಷ್ಯನ ಉಪಯೋಗಕ್ಕೇ ತಿರುಗಿಸಿ ಕೊಡುತ್ತಾನೆ ಎಂದು ಮಾಸ್ಟರರೂ ನಾನೂ ಮಾತಾಡಿಕೊಳ್ಳುತ್ತಿದ್ದೆವು. ಅಂದು ಅದನ್ನು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

"ಈಗ ನನ್ನ ಗತಿ?" ಎಂದು ಜಗ್ನಿ ಅಳುವ ದನಿ ತೆಗೆದಳು. "ಅಳಿಸೋಕೆ ಬರುತ್ತಾ?"

"ಹಾಕಿದ್ದನ್ನ ಅಳಿಸೋಕಾಗಲ್ಲ ನೋನಿ. ಜೊತೆ ಕೊಡಬಹುದು. ಬಲಗಡೆ ಚುಕ್ಕೆ ಸಾಲು ಕೊಟ್ಟರೆ ತೂಕಕ್ಕೆ ಬರುತ್ತೆ" ಎಂದರು ಬಾಯಿ. ಸಮ್ಹಾರಿನ್ ಆಗಲೇ ಬಾಯಿಯ ಚೀಲವನ್ನು ಬಿಚ್ಚುತ್ತಿದ್ದಳು. ಬಾಯಿ ತಡೆದರು. "ನಾನಲ್ಲ. ಕೆಡಿಸಿದ ಕೈಯೇ ಸರಿ ಮಾಡ್ಬೇಕು. ಕೊಡ ಇಳಿಸಬೇಡ ಜಗ್ನಿ. ಕುಂತಿ, ಕಡ್ಡಿ ತಗೋ."

ಮಾಘ ಹುಟ್ಟಿದಾಗಿನಿಂದ ಕುಂತಿ ನಸುಕಿಗೇ ಕರಂಜಟೋಲಾಕ್ಕೆ, ಬಾಯಿಯ ಅಂಗಳಕ್ಕೆ ಬರುತ್ತಾಳೆ. ಗುರುತು ಹಾಕುವುದನ್ನು ನೋಡುತ್ತಾಳೆ. ಎಲುಬಿನ ಹತ್ತಿರ ಬಂದಾಗ ಮೆಷಿನ್ ನಿಲ್ಲಿಸಿ ಸೂಜಿ ಹಿಡಿಯುತ್ತಾಳೆ. ಹಾಡು ಕೇಳಿಸಲೆಂದು ಮೆಷಿನ್ನಿಗೆ ಬಟ್ಟೆ ಸುತ್ತಿದ್ದಾಳೆ. "ಈಗ ಜೀರುಂಡೆಗೆ ನೆಗಡಿ ಆಗಿದೆ" ಎಂದು ಬಾಯಿ ಅಣಕಿಸುತ್ತಾರೆ. ಹದಿನಾಲ್ಕು ಹೆಂಗಸರಲ್ಲಿ ಒಂಬತ್ತು ಜನಕ್ಕೆ ಮುಗಿದಿದೆ. ಯಾರದ್ದು ಯಾರು ಹಾಕಿದ್ದು ಎಂದು ಸಮ್ಹಾರಿನ್ ಕೂಡ ಈಗ ಕೇಳುವುದಿಲ್ಲ. ಬಾಯಿಯ ಕಣ್ಣು ಮಂಜಾಗಿದೆ, ಸೂಜಿಗಳನ್ನು ಒಟ್ಟಿಗೆ ಕಟ್ಟಿಕೊಡುವವಳು ಕುಂತಿಯೇ. ತಮ್ಮ ಬೆನ್ನಿನ ಮಾತು ಮಾತ್ರ ಅವರು ಇದುವರೆಗೆ ಎತ್ತಿಲ್ಲ. "ಕೇಳಿ ಹಾಕಿಸ್ಕೊಂಡರೆ ಅದು ಕೂಲಿ ಕೆಲಸ" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಬೆಳಗಿನ ಗಿರಾಕಿ ಕೊಡ ಇಳಿಸಿ ಚಳಿ ಕಾಯಿಸಿಕೊಳ್ಳಲು ಬೆಂಕಿಯ ಹತ್ತಿರ ಹೋಗಿದ್ದಾಳೆ. ಈಗ ಬಿಸಿಲು ಅಂಗಳಕ್ಕೆ ಇಳಿದಿದೆ. ಕುಂತಿ ಆ ಕೊಡ ಎತ್ತಿಕೊಂಡು ಒರತೆಗೆ ಹೋಗಿ, ಮತ್ತೆ ತುಂಬಿ ತಂದು ಅತ್ತೆಯ ಮುಂದೆ ನಿಲ್ಲುತ್ತಾಳೆ.

"ಏಳು ಫೂಫೂ. ಬೆನ್ನು ತೋರಿಸು."

ಬಿಸಾಹಿನ್ ಬಾಯಿ ಅವಳನ್ನೇ ನೋಡುತ್ತಾರೆ. ಆಮೇಲೆ ಕೊಡದೊಳಗೆ ನೋಡುತ್ತಾರೆ. "ಇದು ತುಂಬಿದ ಕೊಡವಾ? ಎರಡು ಬೆರಳು ಕಮ್ಮಿ ಇದೆ."

ಕುಂತಿ ಗೊಣಗುತ್ತಾ ಮಡಕೆಯಿಂದ ನೀರು ಮೊಗೆದು ಕಂಠದವರೆಗೆ ತುಂಬಿಸುತ್ತಾಳೆ. "ಸೂಜಿನಾ, ಮೆಷಿನ್ನಾ?"

"ನಿನ್ನ ಕೈ ಯಾವುದರಲ್ಲಿ ನಡುಗಲ್ಲವೋ ಅದು."

ಬಾಯಿ ಸೆರಗು ಸಡಿಲಿಸಿ ನೆಟ್ಟಗೆ ನಿಲ್ಲುತ್ತಾರೆ. ಕೊಡ ತಲೆಗೇರುತ್ತದೆ. ಬಾಗಿದ್ದ ಬೆನ್ನು ಆ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ, ಹೆಗಲ ಮೂಳೆಗಳು ದೂರ ಸರಿಯುತ್ತವೆ. ಅವರ ತಾಯಿ ನಿಲ್ಲಿಸಿದ್ದ ಕೊನೆಯ ಮುಳ್ಳಿನ ಮೇಲೆ ಕುಂತಿ ಕಡ್ಡಿಯಿಂದ ಮೊದಲ ಚುಕ್ಕೆ ಇಡುತ್ತಾಳೆ. ಹಿಂದೆ ಸರಿದು ನೋಡುತ್ತಾಳೆ. ಅಳಿಸುತ್ತಾಳೆ. ಮತ್ತೆ ಇಡುತ್ತಾಳೆ. ಧೈರ್ಯ ಸಾಲದೆ ನನ್ನ ಕಡೆ ತಿರುಗಿ, "ಮಾಸ್ಟರಿನ್, ನೇರ ಇದೆಯಾ ನೋಡು" ಎನ್ನುತ್ತಾಳೆ.

ಕೊಡದ ಕೆಳಗಿನಿಂದ, ಕುತ್ತಿಗೆ ಅಲುಗಿಸದೆ, ಬಿಸಾಹಿನ್ ಬಾಯಿ ಹೇಳುತ್ತಾರೆ, "ಅವಳನ್ನ ಯಾಕೆ ಕೇಳ್ತೀಯಾ? ಹೊತ್ತಿರೋಳು ನಾನು, ನೋಡೋಳು ನೀನು. ನಡೆಸು."