ನಡೆಯದ ಹತ್ತು ರೂಪಾಯಿ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನ ಪೇಪರ್ ಅಂಗಡಿ. ದೇಶದ ಸಾಲ ಏರಿತು, ರೂಪಾಯಿ ಇಳಿಯಿತು, ಎಲ್ಲೋ ಹಿಂಜರಿತ ಬಂತು ಎಂದು ದಿನಾ ಬೆಳಗ್ಗೆ ಕ್ಲಿಪ್ಪು ಹಾಕಿ ನೇತುಹಾಕುವವನು ನಾನೇ. ಜನ ನಿಂತು ಪುಕ್ಕಟೆ ಓದಿ, ತಲೆಯಾಡಿಸಿ ಹೋಗುತ್ತಾರೆ. ಅಷ್ಟು ವರ್ಷ ಅದನ್ನೆಲ್ಲ ಓದಿಯೂ ದುಡ್ಡೆಂದರೆ ಏನೆಂದು ನನಗೆ ತಿಳಿದದ್ದು ಮುಂದಿನ ಕಂಬದ ಬುಡದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಬೆಟ್ಟಮ್ಮನಿಂದ.

ಬೆಟ್ಟಮ್ಮ ದಂಡಿಗನಹಳ್ಳಿ ಕಡೆಯವಳು. ಕೂಲಿ ಮಾಡುತ್ತಿದ್ದ ಗಂಡ ಲಕ್ಕಯ್ಯ ತೀರಿಕೊಂಡ ಮೇಲೆ ಬುಟ್ಟಿ ಹೊತ್ತು ಬಂದು ಆ ಕಂಬ ಹಿಡಿದವಳು, ಬಿಡಲೇ ಇಲ್ಲ. ಮಗಳು ಸಂಘಮಿತ್ರಾಳನ್ನು ಓದಿಸಿದ್ದು ಅಲ್ಲಿಂದಲೇ. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಬೆಂಗಳೂರಿನ ಬಸ್ಸು ಬಂದರೆ ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಅಷ್ಟರಲ್ಲಿ ಫೋನು ತೆಗೆದು ಸ್ಕ್ಯಾನ್ ಮಾಡಲು ಯಾರಿಗೂ ಪುರಸೊತ್ತಿಲ್ಲ. ಹತ್ತು ರೂಪಾಯಿ ಕಾಯಿನ್ನು ಬುಟ್ಟಿಗೆ ಬೀಳುತ್ತದೆ, ಬಸ್ಸು ಹೊರಟುಬಿಡುತ್ತದೆ. ಹಿಂದೆ ಓಡಿ ನೋಟು ಕೇಳಲಾಗುತ್ತದೆಯೇ?

ಬೆಂಗಳೂರಿನಲ್ಲಿ ನಡೆಯುವ ಆ ಕಾಯಿನ್ನು ನಮ್ಮ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಯಾವ ಪುಣ್ಯಾತ್ಮ ಹಾಗಂತ ಹಬ್ಬಿಸಿದನೋ! ಬ್ಯಾಂಕಿನವರು ನಡೆಯುತ್ತದೆ ಅಂದರೂ ನಮ್ಮವರು ಕೇಳಲಿಲ್ಲ. ಪೇಪರ್ ಏಜೆಂಟು ಮುಟ್ಟುವುದಿಲ್ಲವೆಂದು ನಾನೂ ಮುಟ್ಟುತ್ತಿರಲಿಲ್ಲ.

ಅವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಆ ವರ್ಷ ಬೀದಿ ವ್ಯಾಪಾರದವರಿಂದ ಜಾಗದ ಬಾಡಿಗೆ ವಸೂಲಿ ಮಾಡುವ ಗುತ್ತಿಗೆ ಹಿಡಿದಿದ್ದ ಪರಮೇಶ್ ಬೆಳಗ್ಗೆಯೇ ಬಂದ. ಬೆಟ್ಟಮ್ಮ ವರ್ಷದ ಮೂರು ಸಾವಿರವನ್ನು ಬಟ್ಟೆ ಚೀಲದಲ್ಲಿ ತಂದಿದ್ದಳು. ಎಲ್ಲ ಹತ್ತರ ಕಾಯಿನ್ನು.

"ಇದು ನಡಿಯಕಿಲ್ಲ ಕಣಮ್ಮ."

"ಯಾಕ್ ನಡಿಯಕಿಲ್ಲ? ಕಾಲಿಲ್ವಾ ಅದ್ಕೆ?"

ಪರಮೇಶ್ ನಗಲಿಲ್ಲ. "ಮಧ್ಯಾಹ್ನದೊಳ್ಗೆ ನೋಟು ತತ್ತಾ. ಇಲ್ಲಾಂದ್ರೆ ಜಾಗ ಅವರ್ಗೆ."

ಅವನು ಕೈ ತೋರಿಸಿದ ಕಡೆ ಕಬ್ಬಿನ ಹಾಲಿನ ಮೆಷಿನ್ನು ಹೊತ್ತ ಗೂಡ್ಸ್ ಆಟೋ ನಿಂತಿತ್ತು. ಅವರು ಹೆಚ್ಚು ಕೊಡುತ್ತಾರೆ, ಕಾಯಿನ್ನು ಬರೀ ನೆಪ ಎಂದು ನನಗೆ ಹೊಳೆಯಿತು.

"ಸೋಮ್ವಾರ ಬ್ಯಾಂಕಲ್ಲಿ ಬದ್ಲಾಯಿಸ್ಕ ಬತ್ತೀನಿ ಕಣಪ್ಪ."

"ಇವತ್ತೇ ಆಗ್ಬೇಕು. ನಂಗೇನು, ಎದುರ್ಗಡೆ ನೀಲಮ್ಮೋರು ಇಸ್ಕಂಡ್ರೆ ನಾನೂ ಇಸ್ಕತೀನಿ. ಮನೆ ಸಾಮಾನು ತರದು ಅವರತ್ರನೇ."

ಬೆಟ್ಟಮ್ಮ ಚೀಲ ಎತ್ತಿಕೊಂಡು ರಸ್ತೆ ದಾಟಿದಳು. ಹಿಂದೆಯೇ ಪರಮೇಶ್, ಅವನ ಹಿಂದೆ ನಾನು. ಆಟೋದವರು ಆಗಲೇ ಮೆಷಿನ್ನಿನ ಹಗ್ಗ ಬಿಚ್ಚುತ್ತಿದ್ದರು.

ದಿನಸಿ ಅಂಗಡಿಯ ನೀಲಾಂಬಿಕೆ ಕೆಟ್ಟವರಲ್ಲ. ಆದರೆ ಚೀಲ ನೋಡಿದ್ದೇ ಮುಖ ಗಂಟು ಹಾಕಿಕೊಂಡರು.

"ನಾನಿಸ್ಕಂಡು ಯಾರಿಗ್ ಕೊಡ್ಲಿ ಬೆಟ್ಟಮ್ಮ? ಚಿಲ್ರೆ ಅಂತ ಕೊಟ್ರೆ ಯಾರೂ ಮುಟ್ಟಲ್ಲ."

"ಯಾರು ಮುಟ್ಟಾಕಿಲ್ಲ ಅಂದೋರು?"

"ನೀನೇ. ಮೊನ್ನೆ ಸಕ್ಕರೆ ತಗೊಂಡಾಗ ಈ ಕಾಯಿನ್ ಕೊಟ್ರೆ ನಡಿಯಲ್ಲ ಅಂತ ತಳ್ಳಿದ್ಯಲ್ಲ, ಮರೆತ್‌ಬಿಟ್ಯಾ?"

ನೀಲಾಂಬಿಕೆ ಕೌಂಟರಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದು ಮುಂದಿಟ್ಟರು. ಅದರ ತುಂಬ ಅವೇ ಕಾಯಿನ್ನು.

ರಸ್ತೆಯಾಚೆ ಮೆಷಿನ್ನು ಕೆಳಗಿಳಿದ ಸದ್ದು ಕೇಳಿತು. ಬೆಟ್ಟಮ್ಮ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಮಡಿಸಿಟ್ಟ ಐನೂರರ ನೋಟು ತೆಗೆದಳು. ಮಾರನೇ ದಿನದ ಕಡಲೆಕಾಯಿಗೆಂದು ಉಳಿಸಿಕೊಂಡಿದ್ದ ನೋಟು. ಅವಳ ಹತ್ತಿರ ನಮ್ಮ ಬೀದಿಯಲ್ಲಿ ನಡೆಯುವ ದುಡ್ಡು ಅದೊಂದೇ.

"ಇದ ನೀವಿಟ್ಕಳಿ. ಆ ಡಬ್ಬದಲ್ಲಿರದ್ನ ನಂಗ್ ಕೊಡಿ."

"ಬ್ಯಾಡ ಬೆಟ್ಟಮ್ಮ, ಅದೂ ಓಯ್ತದೆ" ಎಂದೆ.

"ಸುಮ್ಕಿರು ಕೆಂಪಣ್ಣ." ಡಬ್ಬದಿಂದ ಐನೂರಕ್ಕೆ ಎಣಿಸಿಕೊಂಡು ಮಡಿಲಿಗೆ ಹಾಕಿಕೊಂಡಳು. "ನಾನ್ ಇಸ್ಕಂಡೆ. ಈಗ ನೀವು ಇಸ್ಕಳಿ. ಕಾಯಿ ಬೇಯ್ಸಕ್ಕೆ ಉಪ್ಪು ಬೇಕು." ಎರಡು ಕಾಯಿನ್ನು ಕೌಂಟರಿನ ಮೇಲಿಟ್ಟಳು.

ನೀಲಾಂಬಿಕೆ ನೋಟು ನೋಡಿದರು, ಕಾಯಿನ್ನು ನೋಡಿದರು, ಬಾಗಿಲಲ್ಲಿ ಸೇರಿದ್ದ ಜನರನ್ನು ನೋಡಿದರು. ಕೊನೆಗೆ ಉಪ್ಪಿನ ಪ್ಯಾಕೆಟ್ಟು ಇಳಿಸಿಕೊಟ್ಟು, ಎರಡೂ ಕಾಯಿನ್ನನ್ನು ಗಲ್ಲಾಪೆಟ್ಟಿಗೆಗೆ ಹಾಕಿದರು. "ಕಂಡ್ಯಾ ಪರಮೇಶ?" ಎಂದರು.

ಪರಮೇಶನ ಮುಖ ಹುಳ್ಳಗಾಯಿತು. ಅಷ್ಟು ಜನರ ಮುಂದೆ ಆಡಿದ ಮಾತು ನುಂಗುವುದು ಹೇಗೆ? ಬಟ್ಟೆ ಚೀಲ ಇಸಿದುಕೊಂಡ. "ಸರಿ. ಆದ್ರೆ ಇದ್ರಲ್ಲಿ ಒಂದನ್ನ ಯಾರಾದ್ರೂ ಬ್ಯಾಡ ಅಂದ್ರೂ ವಾಪಸ್ ತಂದು ಸುರೀತೀನಿ. ಆಮೇಲೆ ಜಾಗ ಕೇಳಂಗಿಲ್ಲ." ಆಟೋದವರಿಗೆ "ಅಲ್ಲೇ ಇರಿ" ಎಂದು ಕೂಗಿ, ನಾನು ರಸ್ತೆ ದಾಟಿ ಅಂಗಡಿ ಸೇರುವಷ್ಟರಲ್ಲಿ ನೆಟ್ಟಗೆ ಅಂಗಡಿ ಮುಂದೆ ಬಂದು ನಿಂತ. ಚೀಲದಿಂದ ಒಂದು ಕಾಯಿನ್ನು ತೆಗೆದು ನನ್ನ ಮುಂದೆ ಹಿಡಿದ.

"ಒಂದ್ ಪೇಪರ್ ಕೊಡು ಕೆಂಪಣ್ಣ."

ಬೇಕೆಂದೇ ಕೇಳಿದ. ನಾನು ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಏಜೆಂಟು ಸಂಜೆ ಇದನ್ನು ನನ್ನ ಮುಖಕ್ಕೇ ಎಸೆಯುತ್ತಾನೆ ಎಂದು ನನಗೂ ಗೊತ್ತಿತ್ತು. ಬೆಟ್ಟಮ್ಮ ಕಂಬದ ಹತ್ತಿರ, ಮಡಿಲು ಹಿಡಿದುಕೊಂಡು ನಿಂತಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ಕೈ ಚಾಚಿದೆ. "ಕೊಡು ಪರಮೇಶ. ನಡೀತದೆ."

ಬೆಂಗಳೂರಿನ ಬಸ್ಸು ಒಳಗೆ ಬಂತು. ಬೆಟ್ಟಮ್ಮ ಬುಟ್ಟಿ ಎತ್ತಿಕೊಂಡು ಕಿಟಕಿಗಳ ಕಡೆ ಓಡಿದಳು.